ಸೂಜಿ ಹಿಡಿಯುವ ಮೊದಲು ಊರಿನ ಹೆಸರು ಕೇಳಿ: ಪ್ಯಾಲೆಸ್ಟೀನಿ ಕಸೂತಿಯಲ್ಲಿ ಸಹಾಯಾರ್ಥ ಕೈಪಟ್ಟಿ ಮಾಡುವ ಬಗೆ

ಎರಡು ವರ್ಷದ ಹಿಂದೆ ಒಂದು ಕಾಲೇಜು ಮೇಳದಲ್ಲಿ ನಾವು ನಾಲ್ಕು ಜನ ಗೆಳತಿಯರು ಸಣ್ಣ ಮಳಿಗೆ ಹಾಕಿದ್ದೆವು. ಗಾಝಾದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವುದು ನಮ್ಮ ಉದ್ದೇಶ. ಪ್ಯಾಲೆಸ್ಟೀನಿ ಕಸೂತಿ ನೋಡಿಕೊಂಡು ಕೈಪಟ್ಟಿ, ಓಲೆ, ಪುಟ್ಟ ಪರ್ಸು ಮಾಡಿ ಇಟ್ಟಿದ್ದೆವು. ಸಂಜೆ ಹೊತ್ತಿಗೆ ಅಲ್ಲೇ ಓದುತ್ತಿದ್ದ ಪ್ಯಾಲೆಸ್ಟೀನಿ ಹುಡುಗಿಯೊಬ್ಬಳು ಬಂದಳು. ಇನ್ನೂ ಅಸ್ತರು ಹಾಕದ ಒಂದು ಪಟ್ಟಿಯನ್ನು ಎತ್ತಿಕೊಂಡಳು. ಮೊದಲು ನೋಡಿದ್ದು ಮುಂಭಾಗವನ್ನಲ್ಲ, ಹಿಂಭಾಗವನ್ನು. ದಾರದ ಮೇಲೆ ಬೆರಳಾಡಿಸಿ, "ಇದು ಯಾವ ಊರಿನದು?" ಅಂತ ಕೇಳಿದಳು. "ಪ್ಯಾಲೆಸ್ಟೈನಿನದು" ಅಂದೆ. "ಅದು ನನ್ನ ದೇಶ. ಊರು ಯಾವುದು?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ನಾವು ಕೆಲಸ ಮಾಡುವ ಕ್ರಮವೇ ಬದಲಾಯಿತು. ಚಿತ್ತಾರ ಯಾರದು ಅಂತ ಗೊತ್ತಿಲ್ಲದೆ ಅದನ್ನು ಮಾರಿ, ಅವರ ಹೆಸರಲ್ಲಿ ದಾನ ಮಾಡುವುದು ಸರಿಯಲ್ಲ. ಹಣ ಹೇಗೆ ಅವರಿಗೆ ತಲುಪಬೇಕೋ, ಹೆಸರೂ ಹಾಗೆಯೇ ಅವರಿಗೆ ಸಲ್ಲಬೇಕು. ಇದೇ ಕೆಲಸ ಶುರು ಮಾಡಬೇಕು ಅಂದುಕೊಂಡವರಿಗೆ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಹಣದ ದಾರಿ

ಡಿಸೈನ್ ಆಮೇಲೆ. ಹಣ ಯಾರಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಇದಕ್ಕೆ ಎರಡು ದಾರಿ ಇವೆ.

ಒಂದು, ಅಲ್ಲಿಯ ಹೆಂಗಸರು ಹಾಕಿದ ಕಸೂತಿಯನ್ನೇ ಕೊಂಡು ತರಿಸಿ, ಇಲ್ಲಿ ಅದಕ್ಕೆ ಅಸ್ತರು, ಬಟನ್ ಹಾಕಿ ಮಾರುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಹೊಲಿದವರಿಗೆ ಕೂಲಿ ಸಿಗುತ್ತದೆ, ಅದು ದಾನ ಅಲ್ಲ, ದುಡಿಮೆ. ಲೆಬನಾನಿನ ನಿರಾಶ್ರಿತರ ಶಿಬಿರಗಳ ಹೆಂಗಸರ ಜೊತೆ ಕೆಲಸ ಮಾಡುವ ಇನಾಶ್ ಸಂಸ್ಥೆ 1969ರಿಂದ ಇದೆ. ಜೆರುಸಲೇಮಿನಲ್ಲಿ ಸುನ್‌ಬುಲಾ ಅನ್ನುವ ನ್ಯಾಯ ಬೆಲೆಯ ಕರಕುಶಲ ಸಂಸ್ಥೆ ಇದೆ. ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಬೆಲೆ ಜಾಸ್ತಿ ಆಗುತ್ತದೆ. ಹಾಗಾಗಿ ತರಿಸುವ ಮೊದಲೇ ಸುಂಕ ಎಷ್ಟು ಬೀಳುತ್ತದೆ ಅಂತ ವಿಚಾರಿಸಿಕೊಳ್ಳಿ.

ಇನ್ನೊಂದು, ನೀವೇ ಹೊಲಿದು ಮಾರಿ, ಬಂದ ಹಣ ಕಳಿಸುವುದು. ಪ್ಯಾಲೆಸ್ಟೀನಿ ನಿರಾಶ್ರಿತರಿಗಾಗಿ 1950ರಿಂದ ಕೆಲಸ ಮಾಡುತ್ತಿರುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯುಎ, ಮಕ್ಕಳ ಚಿಕಿತ್ಸೆ ನೋಡಿಕೊಳ್ಳುವ ಪಿಸಿಆರ್‌ಎಫ್, ಬ್ರಿಟನ್ನಿನ ಮೆಡಿಕಲ್ ಏಡ್ ಫಾರ್ ಪ್ಯಾಲೆಸ್ಟೀನಿಯನ್ಸ್, ಇವೆಲ್ಲ ಜನಸಾಮಾನ್ಯರಿಂದ ದೇಣಿಗೆ ತೆಗೆದುಕೊಳ್ಳುತ್ತವೆ. ಭಾರತದಲ್ಲಿ ಇರುವವರು ಹೊರದೇಶಕ್ಕೆ ದೇಣಿಗೆ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆ ಇದೆ. ಪ್ಯಾನ್ ಕಾರ್ಡ್ ಇಟ್ಟುಕೊಂಡು ನಿಮ್ಮ ಬ್ಯಾಂಕಿನಲ್ಲಿ ಕೇಳಿ. ಪ್ರತಿ ಸಲ ಕಳಿಸುವಾಗಲೂ ಬ್ಯಾಂಕಿನ ಶುಲ್ಕ ಬೀಳುತ್ತದೆ. ಐನೂರು, ಸಾವಿರ ಅಂತ ಕಳಿಸಬೇಡಿ, ಕೂಡಿಸಿ ಒಂದೇ ಸಲ ಕಳಿಸಿ. ಹೀಗೆ ನೇರವಾಗಿ ಹೊರಗೆ ಕಳಿಸಿದ ಹಣಕ್ಕೆ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡಿ. ನಿಮ್ಮದು ನೋಂದಾಯಿತ ಸಂಘವಾಗಿದ್ದರೆ ಲೆಕ್ಕಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ. ಸಂಘಗಳಿಗೆ ನಿಯಮ ಬೇರೆ.

ಊರು ಹುಡುಕುವುದು

ಪ್ಯಾಲೆಸ್ಟೀನಿ ಕಸೂತಿಗೆ ಅರಬ್ಬಿಯಲ್ಲಿ ತತ್ರೀಝ್ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳ್ಳಿಯ ಹೆಂಗಸರು ತೊಡುವ ಉದ್ದನೆಯ ನಿಲುವಂಗಿಯ ಹೆಸರು ಥೋಬ್. ಅದರ ಎದೆಯ ಮೇಲಿನ ಚೌಕಕ್ಕೆ ಕಬ್ಬೆ ಅನ್ನುತ್ತಾರೆ. ಕಸೂತಿ ಹೆಚ್ಚು ಒತ್ತಾಗಿ ಇರುವುದು ಅಲ್ಲೇ. ಒಂದು ಕಾಲದಲ್ಲಿ ಥೋಬ್ ನೋಡಿದರೆ ಸಾಕು, ತೊಟ್ಟವಳು ಯಾವ ಸೀಮೆಯವಳು ಅಂತ ಬಲ್ಲವರು ಹೇಳಿಬಿಡುತ್ತಿದ್ದರು.

ರಾಮಲ್ಲಾ ಕಡೆ ಬಿಳಿ ಲಿನನ್ ಮೇಲೆ ಕೆಂಪು ರೇಷ್ಮೆ. ಬೆತ್ಲೆಹೇಮಿನಲ್ಲಿ ಜರಿಯಂಥ ಬೆಳ್ಳಿ, ಬಂಗಾರದ ಹುರಿಯನ್ನು ಬಟ್ಟೆಯ ಮೇಲೆ ಬಳ್ಳಿಯ ಹಾಗೆ ಹರಿಸಿ, ಸಣ್ಣ ಹೊಲಿಗೆಯಿಂದ ಕೂರಿಸುತ್ತಾರೆ. ಅಲ್ಲಿಯ ಮದುವೆಯ ಉಡುಪಿಗೆ ಮಲಕ್ ಅಂತ ಹೆಸರು. ಹೆಬ್ರಾನ್ ಸೀಮೆಯ ಹೆಸರುವಾಸಿ ಚಿತ್ತಾರ 'ಪಾಷಾನ ಡೇರೆಗಳು'. ಬೀರ್‌ಶೆಬಾ ಕಡೆಯ ಬೆದೂಯಿನ್ ಅನ್ನುವ ಮರುಭೂಮಿಯ ಬುಡಕಟ್ಟಿನ ಹೆಂಗಸರಲ್ಲಿ ಮದುವೆಯಾದವರ ಉಡುಪಿಗೆ ಕೆಂಪು ದಾರ, ಮದುವೆಯಾಗದ ಹುಡುಗಿಯರಿಗೆ ಮತ್ತು ವಿಧವೆಯರಿಗೆ ನೀಲಿ. ಅಂದರೆ ಚಂದ ಕಾಣುತ್ತದೆ ಅಂತ ನಾವು ಸುಮ್ನೆ ಬಣ್ಣ ಬದಲಿಸಿದರೆ, ಅಲ್ಲಿಯವರ ಕಣ್ಣಿಗೆ ಅದು ಬೇರೆ ಮಾತನ್ನೇ ಹೇಳಬಹುದು.

1948ರಲ್ಲಿ, ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ಏಳು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ನೂರಾರು ಹಳ್ಳಿಗಳು ಬರಿದಾದವು. ಬೇರೆ ಬೇರೆ ಊರಿನ ಹೆಂಗಸರು ಒಂದೇ ಶಿಬಿರದ ಡೇರೆಗಳಲ್ಲಿ ಅಕ್ಕಪಕ್ಕ ಬದುಕತೊಡಗಿದ ಮೇಲೆ ಚಿತ್ತಾರಗಳೂ ಬೆರೆತವು. ಮನೆಯವರಿಗೆ ಅಂತ ಹಾಕುತ್ತಿದ್ದ ಕಸೂತಿ ಹೊಟ್ಟೆಪಾಡಿನ ಕೆಲಸವಾಯಿತು. 1980ರ ದಶಕದ ಕೊನೆಯಲ್ಲಿ, ಇಸ್ರೇಲ್ ಆಕ್ರಮಿಸಿದ ಪ್ರದೇಶಗಳಲ್ಲಿ ಪ್ಯಾಲೆಸ್ಟೀನಿ ಬಾವುಟ ಹಾರಿಸುವುದಕ್ಕೆ ನಿಷೇಧ ಇದ್ದಾಗ, ಹೆಂಗಸರು ಬಾವುಟದ ಬಣ್ಣಗಳನ್ನೂ ನಾಡಿನ ನಕ್ಷೆಯನ್ನೂ ಥೋಬಿನ ಮೇಲೆಯೇ ಹೊಲಿದುಕೊಂಡರು. ಒಂದು ಹೊಲಿಗೆಗೆ ಇಷ್ಟು ಭಾರ ಇದೆ ಅಂತ ಗೊತ್ತಾದ ಮೇಲೆ ನನಗೆ ಸೂಜಿ ಹಿಡಿಯುವಾಗ ಕೈ ತಾನಾಗಿ ನಿಧಾನವಾಗುತ್ತದೆ.

ಹಾಗಾದರೆ ಚಿತ್ತಾರ ಎಲ್ಲಿಂದ ತೆಗೆದುಕೊಳ್ಳುವುದು? ಊರು, ಹೆಸರು ಯಾವುದೂ ಇಲ್ಲದೆ ಮೊಬೈಲಿನಲ್ಲಿ ಓಡಾಡುವ ಫೋಟೊಗಳನ್ನು ನಂಬಬೇಡಿ. ಬೀರ್‌ಜೈತಿನ ಪ್ಯಾಲೆಸ್ಟೀನಿಯನ್ ಮ್ಯೂಸಿಯಂ, ಅಮ್ಮಾನಿನಲ್ಲಿ ವಿದಾದ್ ಕವಾರ್ ಅವರ ಸಂಗ್ರಹ ಇರುವ ತಿರಾಝ್ ಕೇಂದ್ರ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಈ ಮೂರೂ ಕಡೆ ಹಳೆಯ ಉಡುಪುಗಳಿವೆ. ಬ್ರಿಟಿಷ್ ಮ್ಯೂಸಿಯಂನ ಸಂಗ್ರಹವನ್ನು ಮನೆಯಲ್ಲೇ ಕೂತು ನೋಡಬಹುದು. ಉಡುಪಿನ ಫೋಟೊ ಜೊತೆಗೆ ಊರು, ಬಟ್ಟೆ, ದಾರದ ವಿವರ ಇರುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಇಷ್ಟನ್ನೂ ಬರೆದುಕೊಳ್ಳಿ. ಚಿತ್ತಾರಗಳ ಪುಸ್ತಕ ಬರೆದವರು, ಹೊಸದಾಗಿ ರಚಿಸಿದವರು ಇರುತ್ತಾರೆ. ಅವರ ಗ್ರಾಫನ್ನು ಮಾರಾಟಕ್ಕೆ ಬಳಸುವುದಾದರೆ ಅವರನ್ನು ಒಂದು ಮಾತು ಕೇಳಿ. ಸಹಾಯಾರ್ಥ ಅಂದ ಮಾತ್ರಕ್ಕೆ ಕೇಳದೆ ತೆಗೆದುಕೊಳ್ಳುವ ಹಕ್ಕು ಬರುವುದಿಲ್ಲ. ಪ್ಯಾಲೆಸ್ಟೀನಿ ವ್ಯಂಗ್ಯಚಿತ್ರಕಾರ ನಾಜಿ ಅಲ್‌ ಅಲಿ ಅವರ ಹಂದಾಲಾ ಅನ್ನುವ ಹುಡುಗನ ಚಿತ್ರಕ್ಕೂ ಇದೇ ಮಾತು. ಬೆನ್ನು ತೋರಿಸಿ ನಿಂತ ಆ ಹುಡುಗನನ್ನು ಎಲ್ಲರೂ ಬ್ಯಾಡ್ಜು, ಓಲೆಗಳ ಮೇಲೆ ಅಚ್ಚು ಹಾಕುತ್ತಾರೆ. ಅದು ಒಬ್ಬ ಕಲಾವಿದನ ಸೃಷ್ಟಿ ಅನ್ನುವುದು ನೆನಪಿರಲಿ.

ಕಫಿಯ ಅನ್ನುವ, ಪ್ಯಾಲೆಸ್ಟೀನಿಯರು ತಲೆಗೆ, ಹೆಗಲಿಗೆ ಹಾಕುವ ಚೌಕಳಿ ವಸ್ತ್ರ ಕತ್ತರಿಸಿ ಬ್ಯಾಗು, ಹೇರ್‌ಬ್ಯಾಂಡ್ ಮಾಡುವ ಆಸೆ ಇದ್ದರೆ ಎಲ್ಲೋ ಮಿಲ್ಲಿನಲ್ಲಿ ಆದ ಅಗ್ಗದ ನಕಲು ಕೊಳ್ಳಬೇಡಿ. ಹೆಬ್ರಾನಿನ ಹಿರ್ಬಾವಿ ಕಾರ್ಖಾನೆ 1961ರಿಂದ ಕಫಿಯ ನೇಯುತ್ತಿದೆ. ಅಲ್ಲಿಯದನ್ನು ತರಿಸಿ, ಕತ್ತರಿಸದೆ ಹಾಗೇ ಮಾರಿದರೂ ಸಹಾಯವೇ.

ಏನು ಮಾಡುವುದು

ಹೊಸಬರು ಮೊದಲ ದಿನವೇ ದೊಡ್ಡ ಕೈಚೀಲಕ್ಕೆ ಕೈ ಹಾಕುತ್ತಾರೆ. ಬೇಡ. ಒಂದು ಚೀಲದ ಮುಖ ತುಂಬುವುದಕ್ಕೆ ವಾರಗಳು ಬೇಕು. ಆ ಶ್ರಮಕ್ಕೆ ತಕ್ಕ ಬೆಲೆ ಇಟ್ಟರೆ ಕೊಳ್ಳುವವರು ಸಿಗುವುದಿಲ್ಲ. ಬೆಲೆ ಇಳಿಸಿದರೆ ಹೊಲಿದವರ ಬೆವರಿಗೆ ಬೆಲೆ ಇಲ್ಲ. ಕೈಪಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಭಾನುವಾರದಲ್ಲಿ ಮುಗಿಯುತ್ತದೆ. ತೊಟ್ಟವರ ಕೈ ನೋಡಿ ನಾಲ್ಕು ಜನ "ಇದೇನು?" ಅಂತ ಕೇಳುತ್ತಾರೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಇಂಚಿಗೆ 14 ಚೌಕ ಬರುವ ಐಡಾ ಬಟ್ಟೆ ಸಿಕ್ಕರೆ ಒಳ್ಳೆಯದು. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಮ್ಯಾಟಿ ಬಟ್ಟೆಯೂ ಆಗುತ್ತದೆ. ಆದರೆ ಮ್ಯಾಟಿಯಲ್ಲಿ ಚೌಕದ ಅಳತೆ ಒಂದೊಂದು ಥಾನಿನಲ್ಲಿ ಒಂದೊಂದು ಥರ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ಒಂದು ಇಂಚಿಗೆ ಎಷ್ಟು ಚೌಕ ಅಂತ ಎಣಿಸಿ. ಅಡ್ಡಕ್ಕೂ ಉದ್ದಕ್ಕೂ ಒಂದೇ ಲೆಕ್ಕ ಬರಬೇಕು. ಇಲ್ಲದಿದ್ದರೆ ಮರಗಳೆಲ್ಲ ಕುಳ್ಳಗೆ ಚಪ್ಪಟೆಯಾಗಿ ಕಾಣುತ್ತವೆ. 24ನೇ ನಂಬರಿನ ಮೊಂಡು ಮೊನೆಯ ಸೂಜಿ, ಆರು ಎಳೆಯ ಹತ್ತಿ ದಾರದ ಒಂದು ಲಡಿ, ಅಸ್ತರಿಗೆ ತೆಳು ಹತ್ತಿ ಬಟ್ಟೆ, ಬ್ಲೌಸಿನ ಕುತ್ತಿಗೆಗೆ ಹಾಕುವಂಥ ಅಂಟುವ ಕ್ಯಾನ್ವಾಸ್, ಎರಡು ಟಿಚ್ ಬಟನ್.

ದಾರದಲ್ಲಿ ಮಾತ್ರ ಕಾಸು ಉಳಿಸಬೇಡಿ. ನಮ್ಮ ಮೊದಲ ಕಂತಿನ ಹನ್ನೊಂದು ಪಟ್ಟಿಗಳು ಹಾಳಾದದ್ದು ಇದರಿಂದಲೇ. ಅಗ್ಗ ಅಂತ ಹೆಸರಿಲ್ಲದ ಕೆಂಪು ದಾರ ತಂದಿದ್ದೆ. ಕೊನೆಗೆ ತೊಳೆದಾಗ ಬಿಳಿ ಬಟ್ಟೆಯೆಲ್ಲ ಗುಲಾಬಿ ಆಯಿತು. ನಾಲ್ಕು ಜನರ ಹದಿನೈದು ದಿನದ ಕೆಲಸ ಬಕೆಟ್ಟಿನಲ್ಲಿ ಹೋಯಿತು. ಈಗ ಪ್ರತಿ ಲಡಿಯಿಂದ ಒಂದು ತುಂಡು ಕತ್ತರಿಸಿ, ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತುತ್ತೇನೆ. ಗುರುತು ಬಿದ್ದರೆ ಆ ದಾರ ಬೇಡ. ಪ್ಯಾಲೆಸ್ಟೀನಿ ಹೆಂಗಸರಿಗೆ ಫ್ರಾನ್ಸಿನ ಡಿಎಂಸಿ ದಾರದ ಪರಿಚಯ ಹಳೆಯದು. ಅದಕ್ಕೂ ಮುಂಚೆ ಅವರು ರೇಷ್ಮೆಯಲ್ಲಿ ಹೊಲಿಯುತ್ತಿದ್ದರು. ಡಿಎಂಸಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ನಂಬರು: 321 ಉಜ್ವಲ ಕೆಂಪು, 498 ಗಾಢ ಕೆಂಪು, 815 ಇನ್ನೂ ಗಾಢ, ದಾಳಿಂಬೆಯ ಬಣ್ಣಕ್ಕೆ ಹತ್ತಿರ. ಬಿಳಿಯ ಮೇಲೆ ನನಗೆ 815 ಇಷ್ಟ.

ಗ್ರಾಫ್ ಬರೆಯುವುದು

ಧಾರವಾಡದ ಕಡೆಯ ಕಸೂತಿ ಗೊತ್ತಿರುವವರಿಗೆ ಇದು ಹೊಸದಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಮ್ಮಲ್ಲಿ ನಾಲ್ಕು ಹೊಲಿಗೆ ಇವೆಯಲ್ಲ, ಅದರಲ್ಲಿ ಮೆಂತೆ ಅಂದರೆ ಕ್ರಾಸ್ ಸ್ಟಿಚ್ಚೇ. ತತ್ರೀಝಿನ ಜೀವಾಳವೂ ಅದೇ. ಎರಡೂ ಕಡೆ ಬಟ್ಟೆಯ ಮೇಲೆ ಪೆನ್ಸಿಲ್ ಗೀರುವುದಿಲ್ಲ, ಎಳೆ ಎಣಿಸಿಯೇ ಹೊಲಿಯುವುದು. ಎರಡೂ ಕಡೆ ದಾರಕ್ಕೆ ಗಂಟು ಹಾಕುವುದು ಒಳ್ಳೆಯ ಕೆಲಸ ಅನ್ನಿಸಿಕೊಳ್ಳುವುದಿಲ್ಲ. ನನಗೆ ಕಸೂತಿ ಕಲಿಸಿದ ಹುಬ್ಬಳ್ಳಿಯ ಅಕ್ಕ "ಹಿಂದ್ ತಿರುವಿ ತೋರ್ಸವ್ವಾ" ಅಂತಲೇ ಕೇಳುತ್ತಿದ್ದರು. ಮೇಳದಲ್ಲಿ ಆ ಹುಡುಗಿ ಪಟ್ಟಿ ತಿರುಗಿಸಿದಾಗ ನನಗೆ ತಟ್ಟನೆ ನೆನಪಾದದ್ದು ಆ ಅಕ್ಕನೇ.

ಕಲಿಕೆಗೆ ಒಂದು ಸೈಪ್ರೆಸ್ ಮರ ಕೊಡುತ್ತೇನೆ. ಅರಬ್ಬಿಯಲ್ಲಿ ಇದಕ್ಕೆ ಸರು ಅನ್ನುತ್ತಾರೆ, ನಮ್ಮ ಸರ್ವೆ ಮರದ ಹೆಸರು ಕೇಳಿದ ಹಾಗೆ ಆಗುತ್ತದೆ. ಈ ಮರ ಹಲವು ಸೀಮೆಗಳ ಥೋಬುಗಳಲ್ಲಿ ಬರುತ್ತದೆ. ಇದು ನಾನು ಸರಳ ಮಾಡಿಕೊಂಡ ರೂಪ, ಯಾವುದೇ ಹಳೆಯ ಉಡುಪಿನ ನಕಲಲ್ಲ.

ಗ್ರಾಫ್ ಹಾಳೆಯಲ್ಲಿ ನಡುವೆ ಒಂದು ನೇರ ಗೆರೆ ಇಟ್ಟುಕೊಳ್ಳಿ. ಬುಡದಿಂದ ಮೇಲಕ್ಕೆ ಸಾಲು ಸಾಲಾಗಿ ಚೌಕ ತುಂಬಿ. ಮೊದಲ ಮೂರು ಸಾಲು ಒಂದೊಂದೇ ಚೌಕ, ಅದು ಕಾಂಡ. ಆಮೇಲೆ 5, 7, 9, 9, 7, 7, 5, 5, 3, 3, 1, 1. ಎಲ್ಲವೂ ಬೆಸ ಸಂಖ್ಯೆ, ಹಾಗಾಗಿ ನಡುಗೆರೆಯ ಎರಡೂ ಬದಿಗೆ ಸಮನಾಗಿ ಕೂರುತ್ತದೆ. ಒಟ್ಟು 15 ಸಾಲು ಎತ್ತರ, 9 ಚೌಕ ಅಗಲ, 65 ಹೊಲಿಗೆ.

ಇಂಥ ಏಳು ಮರ ಪಕ್ಕಪಕ್ಕ ನಿಲ್ಲಿಸಿ, ನಡುವೆ ಮೂರು ಮೂರು ಚೌಕ ಖಾಲಿ ಬಿಡಿ. ಅಲ್ಲಿಗೆ 81 ಚೌಕ ಉದ್ದ. ಮರದ ಮೇಲೂ ಕೆಳಗೂ ಎರಡು ಸಾಲು ಖಾಲಿ ಬಿಟ್ಟು ಒಂದೊಂದು ಗೆರೆ ಅಂಚು ಹಾಕಿ. ಎತ್ತರ 21 ಸಾಲು ಆಯಿತು. ಇಂಚಿಗೆ 14 ಚೌಕದ ಬಟ್ಟೆಯಲ್ಲಿ ಇದು ಸುಮಾರು 5.8 ಇಂಚು ಉದ್ದ, ಸರಿಯಾಗಿ 1.5 ಇಂಚು ಅಗಲ ಬರುತ್ತದೆ. ನಿಮ್ಮ ಬಟ್ಟೆಯ ಲೆಕ್ಕ ಬೇರೆ ಇದ್ದರೆ ಚೌಕಗಳನ್ನು ಅದರಿಂದ ಭಾಗಿಸಿ ನೋಡಿ, ಮರ ಒಂದು ಹೆಚ್ಚು ಕಡಿಮೆ ಮಾಡಿಕೊಳ್ಳಿ. ಒಟ್ಟು ಹೊಲಿಗೆ 617. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಬೆಲೆ ಕಟ್ಟುವಾಗ ಬೇಕು.

ಹೊಲಿಯುವುದು

ಬಟ್ಟೆಯನ್ನು 10 ಇಂಚು ಉದ್ದ, 4 ಇಂಚು ಅಗಲ ಕತ್ತರಿಸಿ. ಅಂಚು ಬಿಚ್ಚದ ಹಾಗೆ ಸುತ್ತ ಕಚ್ಚಾ ಹೊಲಿಗೆ ಹಾಕಿ. ಎರಡು ಸಲ ಮಡಚಿ ನಡು ಗುರುತಿಸಿ. ನಾಲ್ಕನೇ ಮರದಿಂದ ಶುರು ಮಾಡಿ, ಎಡಕ್ಕೂ ಬಲಕ್ಕೂ ಹೋಗಿ. ಮೂಲೆಯಿಂದ ಶುರು ಮಾಡಿದರೆ ಕೊನೆಯಲ್ಲಿ ಒಂದು ಮರಕ್ಕೆ ಜಾಗ ಸಾಲದೆ ಅಳುವ ಹಾಗಾಗುತ್ತದೆ.

ಆರು ಎಳೆಯ ದಾರದಿಂದ ಎರಡೇ ಎಳೆ ಬಿಡಿಸಿಕೊಳ್ಳಿ. ಉದ್ದ ಬೆರಳ ತುದಿಯಿಂದ ಮೊಣಕೈವರೆಗೆ ಸಾಕು, ಜಾಸ್ತಿ ಆದರೆ ಸಿಕ್ಕು ಬೀಳುತ್ತದೆ. ಗಂಟು ಹಾಕದೆ ಹಿಂದೆ ಒಂದು ಇಂಚು ದಾರ ಬಿಟ್ಟು, ಮೊದಲ ಐದಾರು ಹೊಲಿಗೆಯ ಅಡಿಗೆ ಅದನ್ನು ಸಿಕ್ಕಿಸಿ. ಒಂದು ಸಾಲಿಗೆ ಎಡದಿಂದ ಬಲಕ್ಕೆ ಓರೆ ಹೊಲಿಗೆ ಹಾಕಿಕೊಂಡು ಹೋಗಿ, ಬರುವಾಗ ಅದರ ಮೇಲೆ ಅಡ್ಡ ಹಾಕಿಕೊಂಡು ಬನ್ನಿ. ಮೇಲೆ ಕೂರುವ ಓರೆ ಎಲ್ಲ ಕಡೆ ಒಂದೇ ದಿಕ್ಕಿಗೆ ಇರಬೇಕು. ಇದೊಂದು ತಪ್ಪಿದರೆ ಬೆಳಕು ಬಿದ್ದಾಗ ಮರದ ಮೇಲೆ ಕಲೆ ಬಿದ್ದ ಹಾಗೆ ಕಾಣುತ್ತದೆ. ಎಳೆ ಬಿಗಿಯಬೇಡಿ, ಚೌಕದ ತೂತು ಅಗಲ ಆಗಬಾರದು. ಒಂದು ಮರದಿಂದ ಇನ್ನೊಂದಕ್ಕೆ ಹಿಂದಿನಿಂದ ದಾರ ಎಳೆದುಕೊಂಡು ಹೋಗಬೇಡಿ, ಬಿಳಿ ಬಟ್ಟೆಯಲ್ಲಿ ಆ ಕೆಂಪು ನೆರಳು ಮುಂದೆ ಕಾಣುತ್ತದೆ. ಒಂದು ಲಡಿ ಎಂಟು ಮೀಟರ್ ಇರುತ್ತದೆ. ಎರಡೆರಡು ಎಳೆ ಬಿಡಿಸಿದರೆ 24 ಮೀಟರ್ ಆಯಿತು. ಅದರಲ್ಲಿ ಮೂರು ಕೈಪಟ್ಟಿ ಆಗುತ್ತವೆ.

ಡೆನಿಮ್ ಚೀಲ, ವೆಲ್ವೆಟ್ ಪರ್ಸಿನಂಥ ಎಣಿಸಲು ಬಾರದ ಬಟ್ಟೆಯ ಮೇಲೂ ಹಾಕಬಹುದು. ಅದಕ್ಕೆ ವೇಸ್ಟ್ ಕ್ಯಾನ್ವಾಸ್ ಅಂತ ಜಾಳು ಬಟ್ಟೆ ಸಿಗುತ್ತದೆ. ಅದನ್ನು ಮೇಲೆ ಕಚ್ಚಾ ಹೊಲಿದು, ಎರಡನ್ನೂ ಸೇರಿಸಿ ಕಸೂತಿ ಹಾಕಿ, ಕೊನೆಗೆ ನೀರು ಸವರಿ ಜಾಳಿನ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆದು ತೆಗೆಯಬೇಕು. ಪ್ಯಾಲೆಸ್ಟೀನಿ ಹೆಂಗಸರೂ ಇದನ್ನು ಬಳಸುತ್ತಾರೆ.

ಕಸೂತಿ ಮುಗಿದ ಮೇಲೆ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವಲಿನಲ್ಲಿ ಒತ್ತಿ ಒಣಗಿಸಿ. ದಪ್ಪ ಟವಲಿನ ಮೇಲೆ ಮುಖ ಕೆಳಗೆ ಮಾಡಿ ಇಸ್ತ್ರಿ ಮಾಡಿ, ಹೊಲಿಗೆ ಚಪ್ಪಟೆ ಆಗುವುದಿಲ್ಲ. ಹಿಂದೆ ಕ್ಯಾನ್ವಾಸ್ ಅಂಟಿಸಿ, ಮೇಲೂ ಕೆಳಗೂ ಅರ್ಧ ಇಂಚು, ಎರಡು ತುದಿಗೆ ಒಂದು ಇಂಚಿಗಿಂತ ತುಸು ಜಾಸ್ತಿ ಬಿಟ್ಟು 8ಕ್ಕೆ 2.5 ಇಂಚಿಗೆ ಕತ್ತರಿಸಿ. ಅಷ್ಟೇ ಅಳತೆಯ ಅಸ್ತರನ್ನು ಮುಖಕ್ಕೆ ಮುಖ ಇಟ್ಟು, ಒಂದು ಬದಿ ತೆರೆದು ಬಿಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿದು, ಮಗುಚಿ, ತೆರೆದ ಬದಿಯನ್ನು ಕೈಹೊಲಿಗೆಯಲ್ಲಿ ಮುಚ್ಚಿ. ತುದಿಗಳಲ್ಲಿ ಉಳಿದ ಜಾಗದಲ್ಲಿ ಟಿಚ್ ಬಟನ್ ಕೂರಿಸಿ.

ಬೆಲೆ, ಚೀಟಿ, ಲೆಕ್ಕ

ನನ್ನ ಕೈ ಗಂಟೆಗೆ ಸುಮಾರು 150 ಹೊಲಿಗೆ ಓಡುತ್ತದೆ. 617ಕ್ಕೆ ನಾಲ್ಕು ಗಂಟೆ ಚಿಲ್ಲರೆ, ಅಸ್ತರು ಬಟನ್ನಿಗೆ ಇನ್ನೊಂದು ಗಂಟೆ. ಗಂಟೆಗೆ 80 ರೂಪಾಯಿ ಇಟ್ಟರೆ ಐದು ಗಂಟೆಗೆ 400. ಬಟ್ಟೆ ಮತ್ತು ಅಸ್ತರು 35, ದಾರ 10, ಕ್ಯಾನ್ವಾಸ್ ಬಟನ್ 15, ಚೀಟಿ ಮತ್ತು ಕವರು 10, ಒಟ್ಟು 70. ದೇಣಿಗೆ 200. ಅಲ್ಲಿಗೆ 670 ರೂಪಾಯಿ. ದರ ನಿಮ್ಮ ಊರಿಗೆ ತಕ್ಕ ಹಾಗೆ ಬದಲಿಸಿ, ಆದರೆ ಕೂಲಿಯ ಸಾಲನ್ನು ಮಾತ್ರ ಅಳಿಸಬೇಡಿ. ಹೊಲಿದವರು ಪುಕ್ಕಟೆ ಮಾಡಿಕೊಟ್ಟಿದ್ದರೆ ಆ 400 ಕೂಡ ದೇಣಿಗೆಗೆ ಸೇರಲಿ, ಚೀಟಿಯಲ್ಲಿ ಹಾಗೆಂದು ಬರೆಯಿರಿ.

"ಲಾಭದ ಒಂದು ಭಾಗ ದಾನಕ್ಕೆ" ಅಂತ ಬರೆಯುವುದು ನನಗೆ ಇಷ್ಟವಿಲ್ಲ. ಎಷ್ಟು ಭಾಗ? ಲಾಭ ಅಂದರೆ ಯಾವುದು? ರೂಪಾಯಿಯಲ್ಲೇ ಹೇಳಿ. ನಮ್ಮ ಚೀಟಿ ಈಗ ಹೀಗಿದೆ: "ಚಿತ್ತಾರ: ಸರು, ಅಂದರೆ ಸೈಪ್ರೆಸ್ ಮರ. ಪ್ಯಾಲೆಸ್ಟೈನಿನ ಹಲವು ಸೀಮೆಗಳ ಥೋಬುಗಳಲ್ಲಿ ಇದೆ. ಇಲ್ಲಿ ಸರಳ ಮಾಡಿದ್ದೇವೆ. ಬಿಳಿ ಮೇಲೆ ಕೆಂಪು: ರಾಮಲ್ಲಾ ಸೀಮೆಯ ರೂಢಿ. ಹೊಲಿದದ್ದು ಕರ್ನಾಟಕದಲ್ಲಿ. ಇದರ ಬೆಲೆಯಲ್ಲಿ 200 ರೂಪಾಯಿ ಮಕ್ಕಳ ಚಿಕಿತ್ಸೆಗೆ." ಹಣ ಪಡೆಯುವ ಸಂಸ್ಥೆಯ ಹೆಸರನ್ನೂ ಸೇರಿಸಿ, ಆದರೆ ಅವರನ್ನು ಕೇಳದೆ ಅವರ ಲಾಂಛನ ಅಚ್ಚು ಹಾಕಬೇಡಿ. ಇಲ್ಲಿ ಹೊಲಿದದ್ದನ್ನು "ಪ್ಯಾಲೆಸ್ಟೈನಿನಲ್ಲಿ ತಯಾರಾದದ್ದು" ಅನ್ನುವ ಅರ್ಥ ಬರುವ ಹಾಗೆ ಎಂದೂ ಬರೆಯಬೇಡಿ. ಅಲ್ಲಿ ನಿಜವಾಗಿ ಹೊಲಿಯುವವರ ಅನ್ನಕ್ಕೆ ಅದು ಕುತ್ತು. ನಮ್ಮ ಕಸೂತಿಯ ಗೋಪುರವನ್ನೋ ಸಂಡೂರಿನ ಲಂಬಾಣಿ ಕನ್ನಡಿಯನ್ನೋ ಜೊತೆಗೆ ಸೇರಿಸಿದ್ದರೆ ಎರಡರ ಹೆಸರೂ ಇರಲಿ.

ಹಣ ಕಳಿಸಿದ ವಾರದೊಳಗೆ ಕೊಂಡವರ ವಾಟ್ಸಾಪ್ ಗುಂಪಿಗೆ ಮೂರು ಸಾಲು ಹಾಕಿ: ಎಷ್ಟು ಮಾರಾಟ ಆಯಿತು, ಎಷ್ಟು ಕಳಿಸಿದೆವು, ಬ್ಯಾಂಕಿಗೆ ಎಷ್ಟು ಶುಲ್ಕ ಹೋಯಿತು. ರಸೀದಿಯ ಫೋಟೊ ಹಾಕುವಾಗ ಖಾತೆ ನಂಬರು, ಪ್ಯಾನ್ ನಂಬರು ಮುಚ್ಚಿ.

ಮೇಳಕ್ಕೆ ಬಂದಿದ್ದ ಆ ಹುಡುಗಿ ಈಗಲೂ ಸಂಪರ್ಕದಲ್ಲಿ ಇದ್ದಾಳೆ. ಹೋದ ತಿಂಗಳು ಅವಳ ಅಜ್ಜಿಯ ಥೋಬಿನ ಫೋಟೊ ಕಳಿಸಿದಳು. ಯಾಫಾ ಹತ್ತಿರದ ಬೇತ್ ದಜನ್ ಅನ್ನುವ ಊರಿನದು, 1948ರಲ್ಲಿ ಬರಿದಾದ ಊರು. ಕೈಪಟ್ಟಿಗೆ ಅದರ ಅಂಚಿನ ಚಿತ್ತಾರ ತೆಗೆದುಕೊಳ್ಳಬಹುದಾ ಅಂತ ಕೇಳಿದೆ. "ಅಮ್ಮನನ್ನು ಕೇಳಿ ಹೇಳುತ್ತೇನೆ" ಅಂದಳು. ಗ್ರಾಫ್ ಹಾಳೆ ಮೇಜಿನ ಮೇಲೆ ಇದೆ, ಮೇಲ್ಗಡೆ ಊರಿನ ಹೆಸರು ಬರೆದಿದ್ದೇನೆ. ಉತ್ತರ ಬರುವವರೆಗೆ ಚೌಕ ತುಂಬುವುದಿಲ್ಲ.